ಉರುಟು ಸುತ್ತಿಗೆ

ತುಂಡು ಬಂದದ್ದು ಹಳೇ ಪೇಪರಿನಲ್ಲಿ ಸುತ್ತಿಕೊಂಡು.
ಬೆಂಗ್ರೆಯ ಕಡವಿನ ದೋಣಿಯದ್ದು,
ಅಂಗೈಯಗಲದ ಅಲ್ಯುಮಿನಿಯಂ, ಒಂದು ಬದಿಗೆ ನೀಲಿ ಬಣ್ಣ,
ನಡುವೆ ಬಿರುಕು.
ಕೂದಲಿಗಿಂತ ತೆಳು. ಹೊಳೆ ಒಳಗೆ ಬರಲು ಅಷ್ಟು ಸಾಕು.

ಸುರತ್ಕಲ್ಲಿನ ಈ ಲ್ಯಾಬಿನಲ್ಲಿ ನನ್ನದು ರಾತ್ರಿ ಪಾಳಿ.
ಎಂತ ಕೆಲಸವೆಂದು ಮನೆಯಲ್ಲಿ ಕೇಳಿದರೆ ಹೇಳುತ್ತೇನೆ:
ಎಳೆಯುವುದು, ಬಿಡುವುದು. ಎಳೆಯುವುದು, ಬಿಡುವುದು.
ಸೆಕೆಂಡಿಗೆ ಹತ್ತು ಸಲ. ಮುರಿಯುವವರೆಗೆ.
"ಅದಕ್ಕೂ ಸಂಬಳ ಕೊಡ್ತಾರಾ?" ಅತ್ತೆ ನಗುತ್ತಾರೆ,
ಮೂವತ್ತು ವರ್ಷ ಬೀಡಿ ಕಟ್ಟಿದ ಬೆರಳು ನೀವಿಕೊಳ್ಳುತ್ತ.

ಮುರಿದ ಮುಖವನ್ನು ಮಸೂರದಡಿ ಹಿಡಿದೆ.
ಗೆರೆ, ಗೆರೆಯ ಹಿಂದೆ ಗೆರೆ,
ತಣ್ಣೀರುಬಾವಿಯಲ್ಲಿ ಇಳಿತದ ನೀರು
ಮರಳಿನ ಮೇಲೆ ಬಿಟ್ಟುಹೋಗುವ ಹಾಗೆ.
ಎಲ್ಲವೂ ಒಂದೇ ಮೂಲೆಯ ಸುತ್ತ ಬಾಗಿದ್ದವು:
ಇಲ್ಲಿ. ಮೊದಲು ಇಲ್ಲಿ.
ಯಾವಾಗಲೋ ಬಗ್ಗಿ, ಮತ್ತೆ ನೇರವಾದ ಜಾಗ.

ಅದೇ ಜಾತಿಯ ತಗಡಿನಿಂದ ಪಟ್ಟಿಗಳನ್ನು ಕೊರೆಸಿದೆವು.
ಯಾರೂ ಮುಟ್ಟದ್ದು, ರಾತ್ರಿ ಹತ್ತಕ್ಕೆ ಹಾಕಿದ್ದು,
ನಾಲ್ಕೂ ಮುಕ್ಕಾಲರವರೆಗೆ ತಡೆಯಿತು.
ಎರಡು ಲಕ್ಷ ನಲವತ್ತಮೂರು ಸಾವಿರ.
ಮೊದಲೇ ಬಗ್ಗಿಸಿ ಸರಿಮಾಡಿದ್ದು
ಹನ್ನೆರಡೂವರೆಗೇ ಟಕ್ಕೆಂದಿತು.
ಫ್ಲಾಸ್ಕಿನ ಮುಚ್ಚಳ ನಾನಿನ್ನೂ ತೆಗೆದಿರಲಿಲ್ಲ.

ವಿಚಿತ್ರವೆಂದರೆ ಅದು ಹೊಸದಕ್ಕಿಂತ ಗಡಸು.
ಒಮ್ಮೆ ಜೋರಾಗಿ ಎಳೆದು ನೋಡಿ, ಅದೇ ಗೆಲ್ಲುತ್ತದೆ.
ಸಣ್ಣದಾಗಿ ಲಕ್ಷ ಸಲ ಎಳೆಯುವುದು ಬೇರೆಯೇ ಮಾತು.

ಪ್ರೊಫೆಸರರು ಇದಕ್ಕೆ ನೆನಪು ಅನ್ನುತ್ತಾರೆ.
ವರದಿಯಲ್ಲಿ ಆ ಪದ ನಾನು ಬರೆಯುವುದಿಲ್ಲ.
ನೆನಪಾದರೆ ತಾನಾಗಿ ಮಾಸಬೇಕಲ್ಲ,
ಇದನ್ನು ಮರೆಸಲು ಕುಲುಮೆಗೇ ಹಾಕಬೇಕು.
ದೋಣಿಯನ್ನು ಯಾವ ಕುಲುಮೆಗೆ ಹಾಕುವುದು?

ಗುರುವಾರ ರಾತ್ರಿ ಹಮ್ಮಬ್ಬ ಬಂದರು,
ಆ ತಗಡನ್ನು ಬಡಿದು ನೇರ ಮಾಡಿದವರು.
ಬೇಡವೆಂದರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟರು.
"ತಪ್ಪು ನನ್ನ ಸುತ್ತಿಗೆಯದ್ದಾ?"
ಗ್ರಾಫ್ ತೋರಿಸಿದೆ. ನೋಡಲಿಲ್ಲ.
ತುಂಡನ್ನು ತೆಗೆದು, ಕಣ್ಣು ಮುಚ್ಚಿ, ಹೆಬ್ಬೆರಳಾಡಿಸಿದರು.

"ಜೆಟ್ಟಿಗೆ ಗುದ್ದಿದ್ದು ಮೇ ಕೊನೆಗೆ.
ಶಾಲೆ ಶುರುವಾಗುವ ಮೊದಲು ನೀರಿಗಿಳಿಯಬೇಕು ಅಂದರು,
ಮಕ್ಕಳು ದಾಟಬೇಕಲ್ಲ.
ನೇರ ಮಾಡಿದ ಮೇಲೆ ಉರುಟು ಸುತ್ತಿಗೆಯಲ್ಲಿ
ಸಣ್ಣ ಸಣ್ಣ ಪೆಟ್ಟು, ಒತ್ತೊತ್ತಾಗಿ, ಇಡೀ ಜಾಗಕ್ಕೆ.
ಅಪ್ಪ ಕಲಿಸಿದ್ದು. ಯಾಕೆಂದು ಹೇಳಿರಲಿಲ್ಲ.
ಅದೊಂದನ್ನು ಮಾಡಲಿಲ್ಲ ಜಲಜಕ್ಕ.
ಬಣ್ಣದವ ಡಬ್ಬಿ ಹಿಡಿದು ನಿಂತಿದ್ದ."

ಯಾಕೆಂದು ಪುಸ್ತಕದಲ್ಲಿ ಉಂಟು.
ಸಣ್ಣ ಪೆಟ್ಟು ಮೈಯನ್ನು ಒತ್ತಿ ಹಿಡಿಯುತ್ತದೆ,
ಬಿರುಕಿಗೆ ಬಾಯಿ ತೆರೆಯಲು ಜಾಗ ಸಿಗುವುದಿಲ್ಲ.
ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅಪ್ಪನಿಗೆ ಗೊತ್ತಿತ್ತಾ ಇದು?"
ನನ್ನಲ್ಲಿ ಉತ್ತರವಿರಲಿಲ್ಲ.

ಬಗ್ಗಿಸಿ ಸರಿಮಾಡಿದ ಪಟ್ಟಿ ಇನ್ನೊಂದು ಉಳಿದಿತ್ತು.
ಚೀಲದಿಂದ ಸುತ್ತಿಗೆ ತೆಗೆದರು,
ಹಿಡಿ ಸವೆದು ಅವರ ಮುಷ್ಟಿಯ ಆಕಾರಕ್ಕೆ ಬಂದಿತ್ತು,
ಅಥವಾ ಅವರಪ್ಪನ ಮುಷ್ಟಿಯ.
ಅರ್ಧ ಗಂಟೆ ಬಡಿದರು, ಎರಡೂ ಬದಿಗೆ,
ಮಗುವಿನ ಬೆನ್ನು ತಟ್ಟುವಷ್ಟೇ ಜೋರಾಗಿ.
ಲೈಟ್‌ಹೌಸಿನ ಬೆಳಕು ಕಿಟಕಿಗೆ ಬಂದು ಬಂದು ಹೋಯಿತು.
ಹತ್ತಕ್ಕೆ ಯಂತ್ರಕ್ಕೆ ಹಾಕಿದೆ.

ಹನ್ನೆರಡೂವರೆ ದಾಟಿತು. ಇಬ್ಬರೂ ಮಾತಾಡಲಿಲ್ಲ.
ಚಹಾ ಹಂಚಿಕೊಂಡೆವು.
ನಾಲ್ಕೂ ಮುಕ್ಕಾಲು ದಾಟಿತು.

ಐದಕ್ಕೆ ದೂರದಲ್ಲಿ ಬಾಂಗ್ ಕೇಳಿ ಅವರು ಎದ್ದರು.
"ಇನ್ನೊಂದು ದೋಣಿ ಉಂಟು ಕಡವಿನಲ್ಲಿ.
ಮಕ್ಕಳು ಎಂಟಕ್ಕೆ ಬರುತ್ತಾರೆ,
ಅಷ್ಟರೊಳಗೆ ಅದರ ಅಡಿ ನೋಡಬೇಕು."
ಸುತ್ತಿಗೆ ಚೀಲಕ್ಕೆ ಹಾಕಿಕೊಂಡರು.
"ಮುರಿದರೆ ಫೋನು ಮಾಡಿ."

ಎರಡು ಲಕ್ಷ ಐವತ್ತೆರಡು ಸಾವಿರ,
ಮತ್ತೆ ಹತ್ತು, ಮತ್ತೆ ಹತ್ತು.
ರಿಜಿಸ್ಟರಿನಲ್ಲಿ ಅವರ ಹೆಸರು ಬರೆದು
ಮುಂದಿನ ಖಾನೆ ಖಾಲಿ ಬಿಟ್ಟೆ.